ಉಮ್ಮರಾಕನ ಚಳಿ ಬೂಟು

ಮೊನ್ನೆ ದುಬೈಯ ಮಿರ್ದಿಫಿನ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಕೂತು ನಾನೊಂದು ಸುಳ್ಳು ಹೇಳಿದೆ. ಮಹಾ ಸುಳ್ಳೇನಲ್ಲ, ಒಂದೇ ಅಕ್ಷರದ್ದು. ಆದರೂ ಅರವತ್ತರ ಹತ್ತಿರ ಬಂದ ಹೆಂಗಸು, ಮನೆಯಲ್ಲಿ ಮೊಮ್ಮಗನಿಗೆ ನಿಜ ಹೇಳು ಎಂದು ಗದರುವವಳು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗಿಯ ಹಾಗೆ ಸಿಕ್ಕಿಬಿದ್ದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ನಡೆದದ್ದು ಇಷ್ಟು. ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದ ಎಲ್ಲ ತೋರಿಸಬೇಕು. ಪಾದ ನೋಡುವ ನರ್ಸು ಬೆಳ್ತಂಗಡಿ ಕಡೆಯ ಹುಡುಗಿ. ನನ್ನ ಚಪ್ಪಲಿ ಬಿಚ್ಚಿಸಿ, ಮಂಚದ ಮೇಲೆ ಕಾಲು ಚಾಚಿಸಿ, ಒಂದು ಸಣ್ಣ ಹಿಡಿಕೆ ತೆಗೆದಳು. ಅದರ ತುದಿಯಲ್ಲಿ ಬೆರಳುದ್ದದ ನೈಲಾನ್ ದಾರ. "ಕಣ್ಣು ಮುಚ್ಚಿ ಆಂಟಿ. ದಾರ ಮುಟ್ಟಿದ್ದು ಗೊತ್ತಾದ ಕೂಡಲೇ ಹಾಂ ಅನ್ನಿ" ಎಂದಳು. ನಾನು ಕಣ್ಣು ಮುಚ್ಚಿದೆ. ಹಾಂ ಎಂದೆ. ಸ್ವಲ್ಪ ಬಿಟ್ಟು ಇನ್ನೊಂದು ಹಾಂ. ಮತ್ತೊಂದು.

"ಆಂಟಿ, ನಾನಿನ್ನೂ ಶುರುವೇ ಮಾಡಲಿಲ್ಲ" ಎಂದಳು ಹುಡುಗಿ.

ಅಷ್ಟರಲ್ಲಿ ಡಾಕ್ಟರು ಅವಳನ್ನು ಕರೆದರು. ಐದು ನಿಮಿಷ ಎಂದು ಹೇಳಿ ಹೋದಳು. ನಾನು ಬರಿಗಾಲು ಚಾಚಿಕೊಂಡು ತಟ್ಟೆಯಲ್ಲಿ ಬಿದ್ದಿದ್ದ ಆ ದಾರವನ್ನು ನೋಡುತ್ತ ಕೂತೆ. ಅದನ್ನು ನಾನು ಬಲ್ಲೆ. ಹೊಸ ಬೂಟಿಗೆ ಬೆಲೆಚೀಟಿ ತೂಗುಹಾಕುವ ದಾರವೂ ಇದೇ ದಪ್ಪ, ಇದೇ ಬಣ್ಣ. ಇಪ್ಪತ್ತೆರಡು ವರ್ಷ ದಿನಕ್ಕೆ ಐವತ್ತು ಸಲ ಅದನ್ನು ಕತ್ತರಿಸಿದ ಕೈ ನನ್ನದು. ಬೂಟು ನೆನಪಾಯಿತು, ಬೂಟಿನ ಹಿಂದೆ ಉಮ್ಮರಾಕ ನೆನಪಾದರು. ನರ್ಸು ಬರುವವರೆಗೆ ನಿಮಗೆ ಅವರ ಕತೆ ಹೇಳುತ್ತೇನೆ.

ದುಬೈಯಲ್ಲಿ ಚಳಿ ಬೂಟು ಮಾರುವುದೆಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ರಜೆಗೆ ಹೋದಾಗ ನನ್ನ ಅಣ್ಣ, "ಅಲ್ಲಿ ಮೊಟ್ಟೆ ರಸ್ತೆ ಮೇಲೆ ಒಡೆದು ಹಾಕಿದರೆ ಬೇಯುತ್ತದಂತೆ, ನೀನು ಹಿಮದ ಬೂಟು ಯಾರಿಗೆ ಮಾರುವುದು, ಒಂಟೆಗಾ?" ಎಂದು ತಮಾಷೆ ಮಾಡುತ್ತಿದ್ದ. ನಿಜ ಸಂಗತಿ ಏನೆಂದರೆ ಇಲ್ಲಿನ ಅರಬರಿಗೆ ಗಿಡುಗ ಬಿಟ್ಟು ಆಡುವ ಬೇಟೆ ಎಂದರೆ ಪ್ರಾಣ. ನವೆಂಬರ್ ಬಂತೆಂದರೆ ಗಿಡುಗಗಳನ್ನು ವಿಮಾನದಲ್ಲಿ ಕೂರಿಸಿಕೊಂಡು ಕಝಕಿಸ್ತಾನದ ಬಯಲಿಗೆ ಹೊರಡುತ್ತಾರೆ. ಗಿಡುಗಕ್ಕೂ ಪಾಸ್‌ಪೋರ್ಟ್ ಉಂಟು, ಅದರಲ್ಲಿ ನನ್ನದರಲ್ಲಿರುವುದಕ್ಕಿಂತ ಹೆಚ್ಚು ದೇಶದ ಮೊಹರು ಉಂಟು. ಅಲ್ಲಿ ನೀರು ಬಕೆಟ್ಟಿನಲ್ಲೇ ಕಲ್ಲಾಗುವ ಚಳಿ. ಅಂಥವರಿಗೆ ಕೋಟು, ಟೋಪಿ, ಬೂಟು ಮಾರುವ ಅಂಗಡಿಯಲ್ಲಿ ಬೂಟಿನ ವಿಭಾಗ ನನ್ನದು.

ಹಿಮ ಎಂದರೆ ನನಗೆ ಗೊತ್ತಿದ್ದದ್ದು ಫ್ರಿಜ್ಜಿನ ಮೇಲುಗೂಡಿನಲ್ಲಿ ಮೀನಿನ ಪ್ಲಾಸ್ಟಿಕ್ ತೊಟ್ಟೆಯ ಸುತ್ತ ಕಟ್ಟುವ ಬಿಳಿ ಪದರ ಮಾತ್ರ. ಆದರೂ ಗಿರಾಕಿಗಳ ಮುಂದೆ ಉತ್ತರ ಧ್ರುವದಲ್ಲಿ ಹುಟ್ಟಿ ಬೆಳೆದವಳ ಹಾಗೆ ಮಾತಾಡುತ್ತಿದ್ದೆ. ಒಮ್ಮೆ ಮ್ಯಾನೇಜರು, ಮಾರುವ ವಸ್ತುವಿನ ಅನುಭವ ಇರಬೇಕು ಎಂದು ಮಾಲಿನೊಳಗಿನ ಕೃತಕ ಹಿಮದ ಅಂಗಳಕ್ಕೆ ನಮ್ಮನ್ನು ಕಳಿಸಿದರು. ನಾನು ಅಂಗಡಿಯ ಅತ್ಯಂತ ದಪ್ಪ ಬೂಟು ಹಾಕಿಕೊಂಡು ಗಂಡನ ತೋಳು ಹಿಡಿದು ಹೋದೆ. ಎರಡು ಹೆಜ್ಜೆ ಇಟ್ಟು ಕುಂಡೆ ಊರಿ ಕೂತವಳು ಮತ್ತೆ ಏಳಲಿಲ್ಲ. ಪಾದ ಮಾತ್ರ ಬೆಚ್ಚಗಿತ್ತು, ಅಷ್ಟನ್ನು ಮರುದಿನದಿಂದ ಗಿರಾಕಿಗಳಿಗೆ ಧೈರ್ಯವಾಗಿ ಹೇಳತೊಡಗಿದೆ.

ಉಮ್ಮರಾಕ ಮೊದಲ ಸಲ ಬಂದಾಗ ಅವರ ಕೈಯಲ್ಲಿ ಒಂದು ಉದ್ದದ ಪಟ್ಟಿ ಇತ್ತು. ಅಲ್ ಐನ್ ಪಟ್ಟಣದ ಒಬ್ಬ ವಯಸ್ಸಾದ ಅರ್ಬಾಬಿನ ಮನೆಯಲ್ಲಿ ಅವರು ಅಡುಗೆಯವರು. ಅರ್ಬಾಬ್ ಎಂದರೆ ಇಲ್ಲಿ ಯಜಮಾನ. ಬೇಟೆಗೆ ಹೋಗುವ ಎಂಟು ಮಂದಿಯ ಕಾಲಿನ ಅಳತೆ ಬರೆದುಕೊಂಡು ಬಂದಿದ್ದರು. ಅರ್ಬಾಬ್, ಇಬ್ಬರು ಮಕ್ಕಳು, ಗಿಡುಗ ನೋಡಿಕೊಳ್ಳುವವರು, ಡ್ರೈವರು. ಪಟ್ಟಿ ಮುಗಿಯಿತು. "ನಿಮಗೆ?" ಎಂದು ಹಿಂದಿಯಲ್ಲಿ ಕೇಳಿದೆ. "ಮೇರಾ ಕುಛ್ ಭೀ ಚಲೇಗಾ" ನನಗೆ ಏನಾದರೂ ಆದೀತು ಎಂದವರು ತಮ್ಮಷ್ಟಕ್ಕೆ, "ನಮ್ಮ ಕಾಲಿಗೆ ಎಂತ ಆಗ್ಬೇಕು" ಎಂದು ಗೊಣಗಿದರು.

"ಊರು ಎಲ್ಲಿ?" ಎಂದೆ ಕನ್ನಡದಲ್ಲಿ.

ಅವರ ಮುಖ ಅರಳಿತು. "ಉಳ್ಳಾಲ. ನಿಮ್ಮದು?"

"ಮುಲ್ಕಿ ಹತ್ತಿರ."

"ಅಲ್ಲ ಬಾಯಮ್ಮ, ಮುಲ್ಕಿಯವರು ಇಲ್ಲಿ ಕೂತು ಅರಬರಿಗೆ ಬೂಟು ಹಾಕಿಸುದಾ" ಎಂದು ನಕ್ಕರು. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ದುಬೈಗೆ ಬಂದ ಮೇಲೆ ನಾನು ಎಲ್ಲರಿಗೂ ಮೇಡಂ ಆಗಿದ್ದೆ. ಆ ಮನುಷ್ಯ ಒಂದೇ ಮಾತಿನಲ್ಲಿ ನನ್ನನ್ನು ಎತ್ತಿ ಮುಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದರು. ಅವತ್ತೇ ಅವರು ನನಗೆ ಉಮ್ಮರಾಕ, ಎಂದರೆ ಉಮ್ಮರಣ್ಣ, ಆದರು. ನಮ್ಮ ಮಾತು ಅರ್ಧ ಕನ್ನಡ, ಅರ್ಧ ತುಳು, ಮಧ್ಯೆ ಮಧ್ಯೆ ಅರಬಿಯ ಯಲ್ಲಾ, ಖಲಾಸ್.

ಅವರ ಕಾಲಿಗೆ ನಾನು ಆರಿಸಿದ ಮೊದಲ ಬೂಟು ಶುದ್ಧ ತಪ್ಪು. ಅದನ್ನು ಈಗ ಒಪ್ಪಿಕೊಳ್ಳಬೇಕು. ನಮ್ಮ ಕರಾವಳಿಯವರಿಗೆ ಬೂಟು ಎಂದರೆ ಮದುವೆಯ ದಿನ ಕಾಲಿಗೇರಿಸಿ, ಊಟಕ್ಕೆ ಕೂರುವ ಮೊದಲು ಬಿಚ್ಚುವ ವಸ್ತು. ಅದರ ವಿಷಯದಲ್ಲಿ ನಮಗಿರುವ ಜ್ಞಾನ ಒಂದೇ: ಗಟ್ಟಿಯಾಗಿ ಕೂರಬೇಕು, ಲೊಡಲೊಡ ಅನ್ನಬಾರದು. ಚಳಿ ಬೇರೆ ಅಲ್ಲವೇ, ಕಂಬಳಿ ಬಿಗಿಯಾಗಿ ಹೊದ್ದರೆ ಬೆಚ್ಚಗಲ್ಲವೇ ಎಂದುಕೊಂಡು, ಎರಡು ಜೊತೆ ದಪ್ಪ ಕಾಲುಚೀಲ ಹಾಕಿಸಿ, ಅದರ ಮೇಲೆ ಸರಿಯಾದ ಅಳತೆಯ ಬೂಟು ನೂಕಿ, ದಾರ ಎಳೆದು ಬಿಗಿದು ಕಳಿಸಿದೆ. ಉಮ್ಮರಾಕ ಎದ್ದು ನಿಂತು, "ಫಸ್ಟ್ ಕ್ಲಾಸ್ ಉಂಟು" ಎಂದರು.

ಮುಂದಿನ ವರ್ಷ ಅದೇ ತಂಡದ ಗಿಡುಗ ನೋಡಿಕೊಳ್ಳುವವನು ಬಂದು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡ. ಅವನಿಗೂ ನಾನು ಹಾಗೆಯೇ ಕೊಟ್ಟಿದ್ದ ಬಿಗಿ ಬೂಟಿನಲ್ಲಿ ಅವನ ಬೆರಳು ಮರಗಟ್ಟಿ ಹೋಗಿತ್ತಂತೆ. ಕಾಲನ್ನು ಬೆಚ್ಚಗಿಡುವುದು ಬೂಟಿನೊಳಗೆ ನಿಂತ ಗಾಳಿ, ಅದಕ್ಕೆ ಜಾಗವೇ ಇಲ್ಲದಿದ್ದರೆ ಉಣ್ಣೆ ಎಷ್ಟು ತುರುಕಿದರೂ ದಂಡ ಎಂದು ಅವನಿಂದ ಕಲಿತೆ. ಒಂದು ಅಳತೆ ದೊಡ್ಡದು ಬೇಕು. ಒಂದೇ ಕಾಲುಚೀಲ, ಆದರೆ ದಪ್ಪದ್ದು. ನಡೆಯುವವನಿಗೆ ಹಗುರ ಬೂಟು, ಇಲ್ಲದಿದ್ದರೆ ಬೆವತು, ಆ ಬೆವರೇ ತಣ್ಣಗಾಗಿ ಕೊಲ್ಲುತ್ತದೆ. ನಿಲ್ಲುವವನಿಗೆ ದಪ್ಪ ಅಟ್ಟೆ, ಏಕೆಂದರೆ ಚಳಿ ಏರುವುದು ನೆಲದಿಂದ. ಆಮೇಲೆ ಯಾರು ಬಂದರೂ ನನ್ನ ಮೊದಲ ಪ್ರಶ್ನೆ, ನೀವು ನಡೆಯುವವರೋ ನಿಲ್ಲುವವರೋ ಎಂದು. ಶೇಖುಗಳು ಕೂಡ ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಡುತ್ತಿದ್ದರು.

ಉಮ್ಮರಾಕ ಮಾತ್ರ ಒಂದು ದೂರೂ ಹೇಳಲಿಲ್ಲ. ಅಲ್ಲಿಂದ ಬರುವಾಗ ಕಲ್ಲಿನ ಹಾಗೆ ಒಣಗಿಸಿದ ಮೊಸರಿನ ಉಂಡೆ ತಂದು ಕೊಟ್ಟರು. ಬಾಯಿಗೆ ಹಾಕಿದರೆ ಉಪ್ಪೋ ಉಪ್ಪು. "ಬೂಟು ಹೇಗಿತ್ತು?" ಎಂದರೆ "ಫಸ್ಟ್ ಕ್ಲಾಸ್" ಎಂದರು. ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತಾರೆ, ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ.

ಆಮೇಲೆ ಪ್ರತಿ ನವೆಂಬರ್ ತಿಂಗಳಲ್ಲಿ ಬರುತ್ತಿದ್ದರು. ಬೂಟು ನೆಪ, ಬೇಕಾದದ್ದು ಮಾತು. ಬೇಟೆಯ ಕತೆ ಕೇಳಿದರೆ ಗಿಡುಗದ ಸುದ್ದಿ ಎರಡು ಮಾತಿನಲ್ಲಿ ಮುಗಿಸಿ ಅರ್ಬಾಬಿನ ಅನ್ನದ ಸುದ್ದಿಗೆ ಬರುತ್ತಿದ್ದರು. "ಅವರಿಗೆ ಹಲ್ಲು ಖಲಾಸ್ ಬಾಯಮ್ಮ. ಅನ್ನ ಎರಡು ಸಲ ಬೇಯ್ಬೇಕು, ಮಾಂಸ ಬೆರಳಲ್ಲಿ ಮುಟ್ಟಿದರೆ ಬಿಡ್ಬೇಕು. ಬೇರೆಯವರು ಮಾಡಿದ್ದು ಮುಟ್ಟುದಿಲ್ಲ. ಮಕ್ಕಳು ಹೋಟೆಲಿನಿಂದ ಕುಕ್ ತಂದಿದ್ದರು ಒಂದು ವರ್ಷ. ಎರಡು ದಿನ ಬರೀ ಖರ್ಜೂರ ತಿಂದು ಕೂತರು ಮುದುಕ." ಇದನ್ನು ಹೇಳುವಾಗ ಅವರಿಗೆ ಮುದುಕನ ಮೇಲೆ ಸಿಟ್ಟಿದೆ ಎಂದು ನೀವು ತಿಳಿದರೆ ಮೋಸ ಹೋಗುತ್ತೀರಿ. ಇಪ್ಪತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ಅರ್ಬಾಬ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಹರಿವಾಣದಲ್ಲಿ ಉಂಡಿದ್ದನ್ನು ನನಗೆ ಏನಿಲ್ಲವೆಂದರೂ ಹತ್ತು ಸಲ ಹೇಳಿದ್ದಾರೆ.

ಐದನೆಯ ವರ್ಷವೋ ಆರನೆಯದೋ, ಅವತ್ತು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಬೂಟಿನ ಮೂತಿ ಕುಗ್ಗದ ಹಾಗೆ ಒಳಗೊಂದು ಕಾಗದದ ಉಂಡೆ ತುರುಕಿರುತ್ತಾರೆ. ಗಿರಾಕಿಯ ಕಾಲಿಗೆ ಕೊಡುವ ಮೊದಲು ಅದನ್ನು ತೆಗೆಯುವುದು ನಮ್ಮ ಕೆಲಸದ ಮೊದಲ ಪಾಠ. ಉಮ್ಮರಾಕನಿಗೆ ಬೂಟು ಕೊಡುವಾಗ ಎಡಗಾಲಿನದ್ದು ತೆಗೆದೆ, ಅಷ್ಟರಲ್ಲಿ ಯಾರೋ ಮೇಡಂ ಎಂದು ಕರೆದರು, ಬಲಗಾಲಿನದ್ದು ಮರೆತೆ. ಅವರು ಎರಡನ್ನೂ ಹಾಕಿಕೊಂಡು ಕನ್ನಡಿಯವರೆಗೆ ನಡೆದು, ಬಾಗಿಲವರೆಗೆ ನಡೆದು, ಒಮ್ಮೆ ಕುಪ್ಪಳಿಸಿ ಕೂಡ ನೋಡಿ, "ಫಸ್ಟ್ ಕ್ಲಾಸ್. ಕಟ್ಟಿ ಕೊಡಿ" ಎಂದರು.

ಪೆಟ್ಟಿಗೆಗೆ ಹಾಕುವ ಮೊದಲು ಅಭ್ಯಾಸಬಲದಿಂದ ಬೂಟಿನೊಳಗೆ ಕೈ ಹಾಕಿದೆ. ಬಲಗಾಲಿನದ್ದರಲ್ಲಿ ಕಾಗದದ ಉಂಡೆ ಸಿಕ್ಕಿತು. ನಿಂಬೆಹಣ್ಣಿನ ಗಾತ್ರದ್ದು ಚಪಾತಿಯ ಹಾಗೆ ಒತ್ತಿ ಹೋಗಿತ್ತು. ಅದನ್ನು ಮೆಟ್ಟಿಕೊಂಡೇ ಆ ಮನುಷ್ಯ ಅಂಗಡಿಯೆಲ್ಲ ಸುತ್ತಿ ಬಂದಿದ್ದರು.

"ಉಮ್ಮರಾಕ, ಬಲಗಾಲು ತೋರಿಸಿ."

"ಎಂತಕ್ಕೆ?"

"ತೋರಿಸಿ ಅಂದೆ."

ಅವರು ಕಾಲುಚೀಲ ಬಿಚ್ಚಿದರು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಅಂಗಾಲಿನಲ್ಲಿ ಒಂದು ಹಳೆಯ ಸುಟ್ಟ ಗಾಯದ ಕಲೆ, ರೂಪಾಯಿಯ ಅಗಲ. ಅದು ಯಾವಾಗ ಆದದ್ದು ಎಂದು ಕೇಳಿದೆ. ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ನೋಡಿದರು. "ಇದು ಉಂಟಾ ಅಲ್ಲಿ?" ಎಂದು ನನ್ನನ್ನೇ ಕೇಳಿದರು. ಅಷ್ಟು ವರ್ಷದ ಫಸ್ಟ್ ಕ್ಲಾಸಿನ ಅರ್ಥ ನನಗೆ ಆಗ ಹೊಳೆಯಿತು. ನನ್ನ ತಾಯಿಯ ಕಾಲು ಹೀಗೇ ಇತ್ತು, ನಾವು ಗಮನಿಸುವ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಗಿತ್ತು.

"ಸಕ್ಕರೆ ಎಷ್ಟು ವರ್ಷದಿಂದ?" ಎಂದೆ.

ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಂಬತ್ತು. ಮಾತ್ರೆ ತಗೊಳ್ತೇನೆ. ಕಾಲು ಸ್ವಲ್ಪ ಜುಂ ಅಂತದೆ, ಅಷ್ಟೆ."

"ಜುಂ ಅನ್ನುವುದಲ್ಲ, ಏನೂ ಗೊತ್ತಾಗುವುದಿಲ್ಲ ನಿಮಗೆ. ಆ ಚಳಿಯಲ್ಲಿ ಬೆರಳು ಸತ್ತರೂ ಗೊತ್ತಾಗುವುದಿಲ್ಲ. ಅರ್ಬಾಬಿಗೆ ಹೇಳಿದ್ದೀರಾ?"

"ಹೇಳಿದರೆ ಕರ್ಕೊಂಡು ಹೋಗ್ತಾರಾ? ಮನೆಯಲ್ಲಿ ಮಲಗು ಅಂತಾರೆ. ಮುದುಕ ಈ ವರ್ಷ ಹೋಗುದು, ಮುಂದಿನ ವರ್ಷ ದೇವರಿಗೆ ಗೊತ್ತು. ಒಂದು ತಿಂಗಳು ಅವರಿಗೆ ಅನ್ನ ಯಾರು ಹಾಕುದು? ಬಾಯಮ್ಮ, ನೀವು ಬಾಯಿ ಬಿಡ್ಬೇಡಿ."

ಮಾರುವ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನಾನು ಬೂಟನ್ನು ಕೌಂಟರಿನ ಕೆಳಗೆ ಇಟ್ಟು, "ನಿಮಗೆ ಬೂಟು ಕೊಡುವುದಿಲ್ಲ" ಎಂದೆ.

"ದುಬೈಯಲ್ಲಿ ಬೇರೆ ಅಂಗಡಿ ಇಲ್ವಾ?"

"ಉಂಟು, ಹೋಗಿ. ಅಲ್ಲಿಯೂ ಫಸ್ಟ್ ಕ್ಲಾಸ್ ಅನ್ನಿ, ಅವರು ಕಟ್ಟಿ ಕೊಡ್ತಾರೆ."

ಉಮ್ಮರಾಕ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಚಪ್ಪಲಿ ಅದಲುಬದಲಾಗಿತ್ತು, ಅದೂ ಅವರಿಗೆ ಗೊತ್ತಾಗಲಿಲ್ಲ. ನಾನು ಬಾಗಿಲವರೆಗೆ ಓಡಿದೆ, ಅಷ್ಟರಲ್ಲಿ ಲಿಫ್ಟು ಮುಚ್ಚಿತ್ತು.

ಆ ವಾರ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಅರ್ಬಾಬಿನ ಮನೆಯ ಫೋನ್ ನಂಬರು ಗಿರಾಕಿಗಳ ಪುಸ್ತಕದಲ್ಲಿತ್ತು. ಒಂದು ಫೋನ್ ಮಾಡಿದರೆ ಉಮ್ಮರಾಕನ ಕಾಲು ಉಳಿಯುತ್ತದೆ. ಆದರೆ ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಜಾಗದಿಂದ ಅವರನ್ನು ಎಬ್ಬಿಸಿದವಳು ನಾನಾಗುತ್ತೇನೆ. ಮಾಡದಿದ್ದರೆ ಅವರು ಬೇರೆ ಕಡೆ ಯಾವುದೋ ಬೂಟು ಕೊಂಡು ಹೋಗುತ್ತಾರೆ, ಬರುವಾಗ ಕಾಲು ಇರುತ್ತದೋ ಇಲ್ಲವೋ. ಗಂಡನನ್ನು ಕೇಳಿದರೆ, "ನಿನಗ್ಯಾಕೆ ಊರ ಉಸಾಬರಿ, ಬೂಟು ಮಾರುವವಳು ಬೂಟು ಮಾರು" ಎಂದರು. ಎರಡು ಸಲ ರಿಸೀವರ್ ಎತ್ತಿದೆ, ಎರಡು ಸಲ ಇಟ್ಟೆ. ನನ್ನ ಸಿಟ್ಟು ಉಮ್ಮರಾಕನ ಮೇಲೋ, ನನ್ನ ಮೇಲೋ, ಹಲ್ಲಿಲ್ಲದ ಮುದುಕನ ಮೇಲೋ ಎಂದು ತಿಳಿಯದೆ ಪಾಪದ ಒಬ್ಬ ಗಿರಾಕಿಯ ಮೇಲೆ ಹರಿಹಾಯ್ದೆ.

ಎಂಟನೆಯ ದಿನ ಮಧ್ಯಾಹ್ನ ಉಮ್ಮರಾಕ ಬಂದರು. ಕೌಂಟರಿನ ಮುಂದೆ ನಿಂತು ಕೆಮ್ಮಿದರು. ನಾನು ಡಬ್ಬ ಜೋಡಿಸುವವಳ ಹಾಗೆ ನಟಿಸಿದೆ.

"ಹೇಳಿದೆ" ಎಂದರು.

"ಯಾರಿಗೆ?"

"ಮತ್ಯಾರಿಗೆ? ಅರ್ಬಾಬಿಗೆ. ಅನ್ನ ಹಾಕುವಾಗ ಹೇಳಿದೆ. ಅರ್ಬಾಬ್, ನನ್ನ ಕಾಲು ನನಗೆ ಗೊತ್ತಾಗುದಿಲ್ಲ ಅಂತ." ಇಷ್ಟು ಹೇಳಿ ಕುರ್ಚಿಯಲ್ಲಿ ಕೂತರು. ಆ ಮಾತನ್ನು ಮತ್ತೊಮ್ಮೆ ಹೇಳುವುದೇ ಅವರಿಗೆ ಆಯಾಸವಾದ ಹಾಗಿತ್ತು.

"ಏನೆಂದರು?"

"ಉಣ್ಣುದು ನಿಲ್ಲಿಸ್ಲಿಲ್ಲ ಮುದುಕ. ನನಗೆ ಮಾಲೂಮ್ ಅಂದರು. ಎರಡು ವರ್ಷದ ಹಿಂದೆ ಕ್ಯಾಂಪಿನಲ್ಲಿ ಕಾಲು ತೊಳೆದು ಬಂದು ಬರಿಗಾಲಲ್ಲಿ ಕೆಂಡ ಮೆಟ್ಟಿಕೊಂಡು ನಿಂತು ನನ್ನ ಹತ್ತಿರ ನಗ್ತಾ ಮಾತಾಡಿದೆಯಲ್ಲ, ನಾನೇ ಅಲ್ವಾ ನಿನ್ನ ಕೈ ಹಿಡಿದು ಆಚೆ ಎಳೆದದ್ದು ಅಂದರು. ನಾನು ಸುಮ್ಮನೆ ಪ್ರೀತಿಗೆ ಎಳೆದದ್ದು ಅಂತ ಗ್ರಹಿಸಿದ್ದೆ ಬಾಯಮ್ಮ. ಆಮೇಲೆ ದೊಡ್ಡ ಪಾತ್ರೆ ಎಲ್ಲ ಡ್ರೈವರ್ ಹತ್ತಿರ ಹೊರಿಸಿದ್ದು ಯಾಕೆ ಅಂತ ಮಾಡಿದ್ದೀಯ, ನೀನಾಗಿ ಹೇಳ್ತೀಯ ಅಂತ ಎರಡು ವರ್ಷ ಕಾದೆ ಅಂದರು." ತೋಳಿನಿಂದ ಮುಖ ಒರೆಸಿಕೊಂಡರು. "ಡಾಕ್ಟರಿಗೆ ತೋರಿಸಿದರು. ಡಾಕ್ಟರು ನೂರು ಕಟ್ಟಳೆ ಹಾಕಿದ್ದಾರೆ. ಅದಕ್ಕೆ ಸರಿಯಾದ ಬೂಟು ಸಿಕ್ಕಿದರೆ ಕರ್ಕೊಂಡು ಹೋಗ್ತೇನೆ, ಇಲ್ಲದಿದ್ದರೆ ಇಲ್ಲ, ಆ ಮುಲ್ಕಿಯವಳ ಹತ್ತಿರ ಕೇಳು ಅಂದರು."

ಹೀಗೆ ಒಬ್ಬ ಮನುಷ್ಯನ ಕಾಲು, ಒಬ್ಬ ಮುದುಕನ ಅನ್ನ ಎರಡೂ ನನ್ನ ಕೊರಳಿಗೆ ಬಿದ್ದವು.

ಕಾಲಿಗೆ ಹೇಗಿದೆ ಎಂದು ಕೇಳುವುದು ಬಿಟ್ಟರೆ ಬೂಟು ಆರಿಸಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಈ ಕಾಲು ಕೇಳಿದರೆ ಫಸ್ಟ್ ಕ್ಲಾಸ್ ಎನ್ನುತ್ತದೆ. ಯೋಚಿಸಿ ಯೋಚಿಸಿ ಕೊನೆಗೆ ಬೂಟಿನ ಪೆಟ್ಟಿಗೆಯ ಮುಚ್ಚಳ ನೆಲಕ್ಕೆ ಹಾಕಿ, ದಪ್ಪ ಕಾಲುಚೀಲ ಹಾಕಿಸಿ ಅವರನ್ನು ಅದರ ಮೇಲೆ ನಿಲ್ಲಿಸಿದೆ. ಪಾದದ ಸುತ್ತ ಪೆನ್ಸಿಲಿನಲ್ಲಿ ಗೀಟು ಹಾಕಿ ಕತ್ತರಿಸಿದೆ. ಬರಿಗಾಲಲ್ಲಿ ಉಳ್ಳಾಲದ ಕಡಲಬದಿಯ ಹೊಯಿಗೆಯಲ್ಲಿ ಬೆಳೆದ ಕಾಲು, ಬೆರಳುಗಳು ಬೀಸಣಿಗೆಯ ಹಾಗೆ ಅಗಲ. ಆ ರಟ್ಟಿನ ಪಾದವನ್ನು ಒಂದೊಂದೇ ಬೂಟಿನೊಳಗೆ ಇಳಿಸಿ ಟಾರ್ಚು ಬಿಟ್ಟು ನೋಡಿದೆ. ಅಂಚು ಎಲ್ಲಿ ಮಡಿಸಿಕೊಂಡರೂ ಆ ಬೂಟು ಬೇಡ. ಮಡಿಸಿಕೊಂಡ ಜಾಗದಲ್ಲಿ ಅವರ ಬೆರಳು ಒತ್ತಿ ಗಾಯವಾಗುತ್ತದೆ, ಆದರೆ ಅವರಿಗೆ ತಿಳಿಯುವುದಿಲ್ಲ. ಉಮ್ಮರಾಕ ಬೆಂಚಿನ ಮೇಲೆ ಕೂತು, "ನನ್ನ ಕಾಲಿಗಿಂತ ಈ ರಟ್ಟಿಗೇ ಬುದ್ಧಿ ಹೆಚ್ಚು" ಎಂದರು.

ಹನ್ನೊಂದು ಜೊತೆ ಬೂಟು ತಿರಸ್ಕರಿಸಿದೆವು. ಒಂದು ಮೂತಿ ಸಪೂರ. ಒಂದರ ಒಳಗೆ ಹೊಲಿಗೆಯ ಗಂಟು, ಕೈಗೆ ಸಿಗುವಂಥದ್ದು. ಒಂದರ ಮುಂಭಾಗವೆಲ್ಲ ರಬ್ಬರು, ಕೆಂಡದ ಹತ್ತಿರ ನಿಲ್ಲುವ ಅಡುಗೆಯವನಿಗೆ ಅದು ಕರಗಿ ಕಾಲಿಗೆ ಅಂಟಿದರೆ ಏನು ಗತಿ. ಹನ್ನೆರಡನೆಯದು ಮೇಲೆಲ್ಲ ಚರ್ಮ, ಅಟ್ಟೆ ಎರಡು ಬೆರಳು ದಪ್ಪ, ಒಳಗೆ ಬೇರೆಯಾಗಿ ಎಳೆದು ತೆಗೆಯುವ ಉಣ್ಣೆಯ ಚೀಲ. ರಾತ್ರಿ ಅದನ್ನು ತೆಗೆದು ಒಲೆಯ ಹತ್ತಿರ ಒಣಗಿಸಬಹುದು. ರಟ್ಟಿನ ಪಾದ ಅದರೊಳಗೆ ಚಾಪೆಯ ಹಾಗೆ ಮಲಗಿತು.

"ಇನ್ನೊಂದು ಮಾತು. ಬೂಟು ದಿನಕ್ಕೆ ಎಷ್ಟು ಸಲ ಬಿಚ್ಚುತ್ತೀರಿ?" ಎಂದೆ.

ಅವರು ತಲೆ ಕೆರೆದುಕೊಂಡರು. ಊರಿನಲ್ಲಾದರೆ ನಮಾಜಿಗೆ ಮೊದಲು ಕಾಲು ತೊಳೆಯಬೇಕು, ದಿನಕ್ಕೆ ಐದು ಸಲ. ಪ್ರಯಾಣದಲ್ಲಿ ಇರುವವರಿಗೆ ಒಂದು ರಿಯಾಯಿತಿ ಉಂಟಂತೆ. ತೊಳೆದ ಕಾಲಿಗೆ ಬೂಟು ಹಾಕಿದರೆ ಮೂರು ದಿನದವರೆಗೆ ಬಿಚ್ಚದೆ, ಮೇಲಿನಿಂದ ಒದ್ದೆ ಕೈ ಸವರಿದರೆ ಸಾಕು. ಕ್ಯಾಂಪು ಎರಡು ದಿನಕ್ಕೊಮ್ಮೆ ಜಾಗ ಬದಲಿಸುತ್ತದೆ, ಚಳಿಯೋ ಚಳಿ, ಹಾಗಾಗಿ ಎಲ್ಲರೂ ಹಾಗೇ ಮಾಡುವುದು. ಅಂದರೆ ಮೂರು ದಿನ ಅವರು ತಮ್ಮ ಕಾಲಿನ ಮುಖ ನೋಡುತ್ತಿರಲಿಲ್ಲ.

ನನಗೆ ಸಂಕೋಚವಾಯಿತು. ಭಾನುವಾರ ಇಗರ್ಜಿಗೆ ಹೋಗುವವಳು ಇನ್ನೊಬ್ಬರ ನಮಾಜಿನ ವಿಷಯದಲ್ಲಿ ಬಾಯಿ ಹಾಕುವುದು ಹೇಗೆ? ಆದರೂ ಕೇಳಿದೆ. "ತಪ್ಪು ತಿಳಿಯಬೇಡಿ ಉಮ್ಮರಾಕ. ಆ ರಿಯಾಯಿತಿ ತೆಗೆದುಕೊಳ್ಳಲೇಬೇಕು ಅಂತ ಉಂಟಾ?"

"ಇಲ್ಲ. ಬೇಕಾದವರಿಗೆ ಅದು. ತೊಳೀಬಾರ್ದು ಅಂತ ಇಲ್ಲ." ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ, "ಐದು ಸಲ ತೊಳೆದರೆ ಐದು ಸಲ ಕಾಲು ಕಣ್ಣಿಗೆ ಬೀಳ್ತದೆ" ಎಂದರು. "ಬಿಸಿನೀರು ನನ್ನ ಕೈಯಲ್ಲೇ ಉಂಟಲ್ಲ, ಅಡುಗೆಯವನಲ್ವಾ ನಾನು."

"ನೀರು ಕಾಲಿಗೆ ಹಾಕುವ ಮೊದಲು ಮೊಣಕೈ ಅದ್ದಿ ನೋಡಬೇಕು, ಮಗುವಿನ ಸ್ನಾನಕ್ಕೆ ನೋಡುವ ಹಾಗೆ. ಬೆರಳ ಸಂದಿಯೆಲ್ಲ ಒರೆಸಬೇಕು. ಮತ್ತೆ ಬೂಟು ಹಾಕುವ ಮೊದಲು, ಪ್ರತಿ ಸಲ, ಒಳಗೆ ಕೈ ಹಾಕಿ ನೋಡಬೇಕು."

"ಆಯ್ತು ಬಾಯಮ್ಮ."

"ಪ್ರತಿ ಸಲ."

"ಅಲ್ಲಾಹನಾಣೆ ಆಯ್ತು ಬಾಯಮ್ಮ. ನನ್ನ ಉಮ್ಮ ಕೂಡ ಇಷ್ಟು ಜೋರು ಮಾಡ್ಲಿಲ್ಲ" ಎಂದು ಬೂಟಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಹೋದರು. ಚಪ್ಪಲಿ ಈ ಸಲ ಸರಿಯಾಗಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಸರಿಯಾಗಿತ್ತು.

ಆ ತಿಂಗಳು ನಾನು ಊರಿನ ಹವೆ ನೋಡದಿದ್ದರೂ ಕಝಕಿಸ್ತಾನದ ಹವೆ ತಪ್ಪದೆ ನೋಡಿದೆ. ಡಿಸೆಂಬರ್ ಕೊನೆಯ ಒಂದು ದಿನ ಲಿಫ್ಟಿನ ಬಾಗಿಲು ತೆರೆದು ಉಮ್ಮರಾಕ ಹೊರಬಂದರು. ನಡು ದಾರಿಯಲ್ಲೇ, ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ, ಎರಡೂ ಕೈಯ ಬೆರಳು ಬಿಡಿಸಿ ಮೇಲಕ್ಕೆತ್ತಿ, "ಹತ್ತೂ ಉಂಟು ಬಾಯಮ್ಮ" ಎಂದರು. ನಾನು ಅತ್ತೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಕೌಂಟರಿನ ಕೆಳಗೆ ಏನೋ ಹುಡುಕುವ ನೆಪದಲ್ಲಿ ಚೆನ್ನಾಗಿಯೇ ಅತ್ತೆ. ಮೊಸರಿನ ಉಂಡೆ ಈ ಸಲ ಎರಡು ಕಿಲೋ ತಂದಿದ್ದರು.

ಮುಂದಿನ ವರ್ಷ ದೇವರಿಗೆ ಗೊತ್ತು ಎಂದು ಉಮ್ಮರಾಕ ಹೇಳಿದ್ದು ದೇವರಿಗೆ ಕೇಳಿಸಿರಬೇಕು, ಅರ್ಬಾಬ್ ಇನ್ನೂ ನಾಲ್ಕು ಚಳಿಗಾಲ ಬೇಟೆಗೆ ಹೋದರು. ಕ್ಯಾಂಪಿನಲ್ಲಿ ಬೆಳಿಗ್ಗೆ ಉಮ್ಮರಾಕ ಬೂಟಿನೊಳಗೆ ಕೈ ಹಾಕುವಾಗ ಮುದುಕ ಎದುರು ಕೂತು ಏನಾದರೂ ಸಿಕ್ಕಿತಾ ಎಂದು ಕೇಳುತ್ತಿದ್ದರಂತೆ. ಒಂದು ದಿನ ಖರ್ಜೂರದ ಬೀಜ ಸಿಕ್ಕಿತು. ಹಾಕಿದ್ದು ಯಾರು ಎಂದು ಕೇಳಬೇಡಿ, ನಾನು ಹೇಳಿದ್ದನ್ನು ಉಮ್ಮರಾಕ ಮಾಡುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು ಮುದುಕನೇ ಹಾಕಿದ್ದು. ಅರ್ಬಾಬ್ ತೀರಿಕೊಂಡ ಮೇಲೆ ಉಮ್ಮರಾಕ ಅಲ್ ಐನ್ ಬಿಟ್ಟು ಉಳ್ಳಾಲಕ್ಕೆ ಹೋದರು. ಈಗ ಎಪ್ಪತ್ತು ದಾಟಿದೆ. ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಹಲೋ ಎನ್ನುವುದಿಲ್ಲ, ಸಲಾಂ ಇಲ್ಲ. ಮೊದಲ ಮಾತೇ, "ಹತ್ತೂ ಉಂಟು ಬಾಯಮ್ಮ." ನನಗೂ ಸಕ್ಕರೆ ಬಂದ ಸಂಗತಿಯನ್ನು ಆರು ವರ್ಷದಿಂದ ನಾನು ಅವರಿಗೆ ಹೇಳಿಲ್ಲ. ಅಷ್ಟು ಜೋರು ಮಾಡಿದವಳಲ್ಲವೇ, ಮುಖ ಸಣ್ಣದಾಗುತ್ತದೆ ಎಂದಿರಬೇಕು.

ನರ್ಸು ಹುಡುಗಿ ಬಾಗಿಲು ನೂಕಿಕೊಂಡು ಬಂದಳು. "ಸಾರಿ ಆಂಟಿ, ಹೊತ್ತಾಯಿತು. ಮತ್ತೆ ಶುರು ಮಾಡುವನಾ?"

ಕಣ್ಣು ಮುಚ್ಚಿದೆ. ಈ ಸಲ ಬಾಯಿಯನ್ನೂ ಮುಚ್ಚಿಕೊಂಡು ಕಾದೆ. ಹೆಬ್ಬೆರಳಿನ ತುದಿಯಲ್ಲಿ ಇರುವೆ ನಡೆದ ಹಾಗಾಯಿತು, ಹಾಂ ಎಂದೆ. ಹಿಮ್ಮಡಿ, ಹಾಂ. ಪಾದದ ನಡು, ಹಾಂ. ಎಡಗಾಲು ಪೂರ್ತಿ ಮುಗಿಯಿತು. ಬಲಗಾಲಿಗೆ ಬಂದಳು. ಎರಡು ಹಾಂ ಆದ ಮೇಲೆ ಬಹಳ ಹೊತ್ತು ಏನೂ ಇಲ್ಲ. ಅವಳ ಬಳೆ ಸದ್ದು ಮಾಡುತ್ತಿತ್ತು. ಉಸಿರು ಕೇಳುವಷ್ಟು ಹತ್ತಿರ ಬಗ್ಗಿದ್ದಳು. ಅವಳು ಮುಟ್ಟುತ್ತಿದ್ದಾಳೆ ಎಂದು ಕಿವಿಗೆ ಗೊತ್ತಾಯಿತು, ಕಾಲಿಗೆ ಗೊತ್ತಾಗಲಿಲ್ಲ. ಹಾಂ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅನ್ನ ಹಾಕುವ ಸೌಟು ಹಿಡಿದು ಅರ್ಬಾಬಿನ ಮುಂದೆ ನಿಂತ ಉಮ್ಮರಾಕ ನೆನಪಾದರು.

"ಮಗಾ, ಈಗ ಅಲ್ಲಿ ಮುಟ್ಟಿದ್ದೀಯಲ್ಲ?" ಎಂದೆ. "ನನಗೆ ಗೊತ್ತಾಗುವುದಿಲ್ಲ."

"ಕಿರುಬೆರಳಿನ ಕೆಳಗೆ, ಆಂಟಿ. ಒಂದೇ ಕಡೆ. ಹೇಳಿದ್ದು ಒಳ್ಳೆಯದಾಯಿತು" ಎಂದು ಬರೆದುಕೊಂಡಳು.

ಮನೆಗೆ ಬಂದು ಉಮ್ಮರಾಕನಿಗೆ ನಾನಾಗಿಯೇ ಫೋನ್ ಮಾಡಿದೆ. ಹಾಗೆ ಮಾಡಿದ್ದು ಅದೇ ಮೊದಲು. ಎರಡು ಸಲ ರಿಂಗಾಯಿತು. ಎತ್ತಿಕೊಂಡವರು ಅಭ್ಯಾಸದಂತೆ ಬಾಯಿ ತೆರೆಯುವ ಮೊದಲೇ ನಾನು, "ಉಮ್ಮರಾಕ, ನನ್ನದೂ ಹತ್ತೂ ಉಂಟು" ಎಂದೆ.

ಆ ಕಡೆ ಎಲ್ಲಿಯೋ ಒಂದು ಆಡು ಕೂಗುವುದು ಕೇಳಿಸಿತು. ಲೈನು ಹೋಯಿತೇನೋ ಎಂದು ನಾನು ಹಲೋ ಅನ್ನುವಷ್ಟರಲ್ಲಿ ಅವರ ದನಿ ಬಂತು, ಅಂಗಡಿಯಲ್ಲಿ ನಾನು ಜೋರು ಮಾಡುತ್ತಿದ್ದೆನಲ್ಲ, ಅದೇ ಜೋರಿನಲ್ಲಿ.

"ಚಪ್ಪಲಿ ಒಳಗೆ ಕೈ ಹಾಕಿ ನೋಡ್ತೀರಾ ಇಲ್ವಾ?"

"ಇವತ್ತಿನಿಂದ" ಎಂದೆ.

"ಪ್ರತಿ ಸಲ" ಎಂದರು ಉಮ್ಮರಾಕ.